ಕೈಬಿಟ್ಟವರ ಹೆಸರುಗಳು

ಸೀಬ್, ಒಮಾನ್, ಶುಕ್ರವಾರ, ೨೦೦೬

ಅಪ್ಪಾ,

ನೀವು ಹೋಗಿ ಮೂರು ವರ್ಷವಾಯಿತು. ಆದರೂ ಇವತ್ತಿನ ಸುದ್ದಿಯನ್ನು ನಿಮಗೇ ಹೇಳಬೇಕು. ಪಕ್ಕದ ವಿಲ್ಲಾದಲ್ಲಿರುವ ಮಗಳನ್ನು ನೋಡಲು ಅಮೆರಿಕದಿಂದ ಹ್ಯಾರ್ಲನ್ ಎಂಬ ಹಿರಿಯರು ಬಂದಿದ್ದಾರೆ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡುತ್ತಾರಲ್ಲ, ಆ ಫುಟ್‌ಬಾಲಿಗೆ ಮೂವತ್ತೆಂಟು ವರ್ಷ ಕೋಚ್ ಆಗಿದ್ದವರು. ಬೆಳಿಗ್ಗೆ ಚಹಾಕ್ಕೆ ಕರೆದಿದ್ದೆ.

"ಎಷ್ಟು ಕಪ್ ಗೆದ್ದಿದ್ದಾರೆ ಕೇಳಿ ಮಾರಾಯ್ರೆ," ಎಂದಳು ನಿಮ್ಮ ಸೊಸೆ.

ಅದು ಅವರಿಗೆ ಸರಿಯಾಗಿ ನೆನಪಿರಲಿಲ್ಲ. ನೆನಪಿದ್ದದ್ದು ತಂಡದಿಂದ ತಾವು ಕೈಬಿಟ್ಟವರ ಹೆಸರುಗಳು. ಕಣ್ಣು ಮುಚ್ಚಿ ಒಂದೊಂದಾಗಿ ಹೇಳತೊಡಗಿದರು. ಮಧ್ಯಾಹ್ನ ಮಸೀದಿಯಲ್ಲಿ ಜುಮ್ಮಾ ನಮಾಜಿನ ಬಾಂಗ್ ಆದರೂ ಹೆಸರುಗಳು ಮುಗಿದಿರಲಿಲ್ಲ. ಬೇರೆ ಕೋಚ್‌ಗಳು ಆಯ್ಕೆಯಾದವರ ಪಟ್ಟಿಯನ್ನು ಬಾಗಿಲಿಗೆ ಅಂಟಿಸಿ ಹೋಗುತ್ತಿದ್ದರಂತೆ. ಇವರು ಒಬ್ಬೊಬ್ಬರ ಮನೆಗೂ ಹೋಗಿ, ಎದುರು ಕೂತು ಹೇಳುತ್ತಿದ್ದರಂತೆ.

"ಅವನಿಗೆ ಬೈಯಬೇಕು ಅನ್ನಿಸಿದರೆ ನಾನು ಎದುರಿಗಿರಬೇಕಲ್ಲ," ಎಂದರು.

ಪುತ್ತೂರಿನ ಶಾಲೆಯಲ್ಲಿ ಡ್ರಿಲ್ ಮಾಸ್ಟರಾಗಿದ್ದ ನೀವೂ ಕಬಡ್ಡಿ ತಂಡ ಆರಿಸಿದ ಸಂಜೆ ಸೈಕಲ್ ಏರಿ, ಆಯ್ಕೆಯಾಗದವರ ಮನೆಗೆ ಹೋಗುತ್ತಿದ್ದಿರಿ. ನಾನು ಒಂಬತ್ತನೆಯ ತರಗತಿಯಲ್ಲಿದ್ದ ವರ್ಷ, ಎಲ್ಲರ ಮನೆ ಸುತ್ತಿ ಬಂದು ಕೊನೆಗೆ ನನ್ನ ಕೋಣೆಯ ಮುಂದೆ ನಿಂತಿರಿ. "ಹರಿಣಾಕ್ಷ, ಒಂದು ನಿಮಿಷ ಬಾ ಮಗಾ," ಎಂದಿರಿ. ನಾನು ಚಿಲಕ ಹಾಕಿಕೊಂಡೆ.

ಹ್ಯಾರ್ಲನ್ ಹೊರಡುವಾಗ ಕೇಳಿದೆ: "ಯಾರಾದರೂ ಬಾಗಿಲು ತೆರೆಯದಿದ್ದರೆ?"

"ಹೊರಗೇ ಕೂರುತ್ತಿದ್ದೆ. ಬೆಳಗಾಗುವವರೆಗೂ ಕೂತದ್ದುಂಟು."

ಆ ವರ್ಷ ನಾನು ಚಿಲಕ ಹಾಕಿಕೊಂಡ ಮರುದಿನ ಬೆಳಿಗ್ಗೆ ನನ್ನ ಬಾಗಿಲ ಹೊರಗೆ ನಿಮ್ಮ ಚಾಪೆ ಹಾಸಿತ್ತು, ಅಪ್ಪಾ. ನಾನು ಅದನ್ನು ದಾಟಿಕೊಂಡು ಶಾಲೆಗೆ ಹೋದೆ.