ಅಮ್ಮನಿಂದ ಬಂದ ಅರ್ಧ

ಪೆಂಡಲ್ ಹಿಲ್, ಸಿಡ್ನಿ
೧೪ ಆಗಸ್ಟ್ ೨೦೦೭

ಶ್ರೀಕಂಠ ಮಾವನಿಗೆ,

‘ನೆತ್ತರು ಎಷ್ಟು ದೂರ ಹರಿದರೂ ತನ್ನ ಮನೆಯ ದಾರಿ ಮರೆಯದು’ ಎಂದು ಎಲ್ಲೋ ಓದಿದ ನೆನಪು. ಮರೆಯದು ಎಂದಿತ್ತೋ, ತೊರೆಯದು ಎಂದಿತ್ತೋ. ಮುಂದಿನ ಸಾಲಂತೂ ಹೋಗೇಬಿಟ್ಟಿದೆ. ಬರೆದವರು ಯಾರೇ ಇರಲಿ, ರಕ್ತ ಸವರಿದ ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಲ್ಲ. ನಾನು ನೋಡಿದ್ದೇನೆ. ನಾನೇ ಕೇಳಿದ್ದಕ್ಕೆ ಡಾಕ್ಟರಮ್ಮ ತೋರಿಸಿದರು. ನೇರಳೆ ಬಣ್ಣ ಹಿಡಿದ ದೊಡ್ಡ ದೊಡ್ಡ ಕಣಗಳು, ಮೈಯೆಲ್ಲ ತಲೆಯೇ. ಬಲಿಯುವುದನ್ನು ಮರೆತ ಬಿಳಿಕಣಗಳಂತೆ ಅವು. ಹುಟ್ಟುವುದೊಂದೇ ಗೊತ್ತು, ಮಾಡುವ ಕೆಲಸ ಗೊತ್ತಿಲ್ಲ. ಮೂಳೆಯೊಳಗಿನ ಮಜ್ಜೆಯನ್ನೆಲ್ಲ ತುಂಬಿಕೊಂಡು ಬೇರೆ ಕಣಗಳಿಗೆ ಎಡೆಯೇ ಬಿಡುವುದಿಲ್ಲ. ಕೃಪಾಳ ನೆತ್ತರು ದಾರಿ ಮರೆತಿದೆ, ಮಾವ. ನಮ್ಮ ಒಬ್ಬಳೇ ಮಗಳ ನೆತ್ತರು.

ಹೌದು, ಮಾವ ಎಂದೇ ಬರೆದಿದ್ದೇನೆ. ಈ ದೇಶಕ್ಕೆ ಬಂದ ಮೊದಲ ವಾರವೇ ನೀವು ನನ್ನ ಬಾಯಿಂದ ಬಿಡಿಸಿದ ಪದ. ‘ಜನರ ಎದುರಿಗೆ ಶ್ರೀ ಅನ್ನು, ಸಾಕು’ ಎಂದಿರಿ. ಮನೆಯಲ್ಲೂ ಅದೇ ಉಳಿಯಿತು. ನೀವು ನನ್ನನ್ನು ಬಿಟ್ಟು ಮೆಲ್ಬರ್ನ್‌ಗೆ ಹೋದ ಮೇಲೆ ಅದೂ ಬೇಕಾಗಲಿಲ್ಲ.

ಈಗಷ್ಟೇ ಫೋನಿನಲ್ಲಿ ನೀವು ಆಡಿದ ಮಾತು ಕೇಳಿ, ಮೊಬೈಲನ್ನು ಆರಿಸಿ ಡ್ರಾಯರಿಗೆ ಹಾಕಿದ್ದೇನೆ. ‘ಬರಲ್ಲ ಅಂದ್ನಾ ಭಾಗೂ? ಬರ್ತೀನಿ. ಆಸ್ಪತ್ರೆ ಫೈಲಲ್ಲಿ ನಮ್ಮ ರಿಲೇಶನ್ ವಿಷ್ಯ ಬರ್ಸಿದೀಯಲ್ಲ, ಮೊದಲು ಅದನ್ನ ತೆಗೆಸು. ಏನೋ ಲಕ್ಕಿಗೆ ಮ್ಯಾಚ್ ಆಯ್ತು ಅಂತ ಬರ್ಕೊಳ್ಳಲಿ’ ಎಂದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಮೀಟಿಂಗ್ ಎಂದು ಇಟ್ಟುಬಿಟ್ಟಿರಿ. ನಿಮ್ಮ ಜೊತೆ ಒಂದು ವಾಕ್ಯ ಮುಗಿಸಬೇಕೆಂದರೆ ನನಗೆ ಕಾಗದವೇ ಗತಿ. ಪಕ್ಕದ ಮನೆಯ ಕುಸುಮಾವತಿಯ ಗಂಡ ಕೊರಗಪ್ಪನವರು ಸಂಜೆಯ ಫ್ಲೈಟಿಗೆ ಮೆಲ್ಬರ್ನ್‌ಗೆ ಹೊರಟಿದ್ದಾರೆ. ನಿಮ್ಮ ಕೈಗೇ ಕೊಡುತ್ತಾರೆ.

ಕಳೆದ ವರ್ಷ, ಕೃಪಾಳದು ರಕ್ತದ ಕ್ಯಾನ್ಸರ್ ಎಂದು ಗೊತ್ತಾದಾಗ, ಡಾಕ್ಟರಮ್ಮ ಕೇಳಿದ್ದು ನೇರವಾದ ಪ್ರಶ್ನೆ: ಮದುವೆಗೆ ಮುಂಚೆ ನಿಮ್ಮಿಬ್ಬರಲ್ಲಿ ರಕ್ತಸಂಬಂಧ ಇತ್ತೇ? ನೀವು ನಕ್ಕಿರಿ. ‘ನೋ, ನೋ, ನಥಿಂಗ್ ಲೈಕ್ ದಟ್.’ ನಾನು ಕಿಟಕಿಯಾಚೆಯ ಕಾರ್ ಪಾರ್ಕ್ ನೋಡುತ್ತಿದ್ದೆ. ಆಮೇಲೆ ಲಿಫ್ಟಿನ ಹತ್ತಿರ, ‘ಅಕ್ಕನ ಮಗಳನ್ನ ಮದುವೆ ಆಗಿದೀನಿ ಅಂದ್ರೆ ಇವ್ರು ನಮ್ಮನ್ನ ಪ್ರಾಣಿಗಳ ತರ ನೋಡ್ತಾರೆ ಕಣೇ’ ಎಂದಿರಿ. ಹಾಸನದಲ್ಲಿ ನಮ್ಮಮ್ಮ ಅದನ್ನೇ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು: ಮಗಳನ್ನು ಹೊರಗೆ ಕೊಡಲಿಲ್ಲ, ಸ್ವಂತ ತಮ್ಮನಿಗೇ ಕೊಟ್ಟೆ, ಇನ್ನು ನಿಶ್ಚಿಂತೆ ಎಂದು. ಆ ನಿಶ್ಚಿಂತೆಯನ್ನೇ ನೀವು ಇಲ್ಲಿ ಕೂದಲಿಗೆ ಬಣ್ಣ ಹಚ್ಚಿದಷ್ಟು ಜೋಪಾನವಾಗಿ ಮುಚ್ಚಿಟ್ಟಿರಿ.

ಸಂಬಂಧವಿಲ್ಲ ಎಂದ ಮೇಲೆ ಅವರು ತಮ್ಮ ಪದ್ಧತಿಯಂತೆ ನಡೆದರು. ತಂದೆತಾಯಿಯ ಮಜ್ಜೆ ಮಕ್ಕಳಿಗೆ ಸಾಮಾನ್ಯವಾಗಿ ಅರ್ಧ ಮಾತ್ರ ಹೊಂದುತ್ತದೆ, ಒಡಹುಟ್ಟಿದವರು ಇಲ್ಲ. ಹಾಗಾಗಿ ಹೊರಗಿನ ದಾನಿಗಳಲ್ಲಿ ಹುಡುಕಿದರು. ಅಲ್ಲಿ ನಮ್ಮ ಕಡೆಯವರು ಎಷ್ಟು ಜನ ಇದ್ದಾರು? ಹುಡುಕುತ್ತಲೇ ಕೀಮೋ ಕೊಟ್ಟರು. ರೋಗ ಹಿಮ್ಮೆಟ್ಟಿತು, ನಾನು ಶಾವಿಗೆ ಪಾಯಸ ಮಾಡಿ ಕುಸುಮಾವತಿಗೂ ಕೊಟ್ಟೆ. ಪಾತ್ರೆ ವಾಪಸ್ಸು ಬರುವಷ್ಟರಲ್ಲಿ ರೋಗವೂ ಬಂತು.

ಆಗ ನಿಜ ಹೇಳಿದೆ. ಡಾಕ್ಟರಮ್ಮ ಬೈಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದು ನಮ್ಮ ವಂಶವನ್ನು ಗೀಟು ಗೀಟಾಗಿ ಬಿಡಿಸಿದರು. ನೀವೂ ಅಮ್ಮನೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಅಮ್ಮನಿಂದ ನನಗೆ ಬಂದು, ನನ್ನಿಂದ ಕೃಪಾಳಿಗೆ ಹೋದ ಅರ್ಧ ನಿಮ್ಮಲ್ಲೂ ಇರಬಹುದು. ಇನ್ನರ್ಧ ಹೇಗೂ ನೀವೇ ಕೊಟ್ಟದ್ದು. ಹಾಗಿದ್ದರೆ ಅಪ್ಪನೇ ಮಗಳಿಗೆ ಪೂರ್ತಿ ಹೊಂದುತ್ತಾನೆ, ಇದನ್ನು ಮೊದಲೇ ನೋಡಬಹುದಿತ್ತು ಎಂದರು. ಮೆಲ್ಬರ್ನ್‌ನಲ್ಲಿ ನೀವು ಕೊಟ್ಟ ರಕ್ತವೂ ಅದನ್ನೇ ಹೇಳಿತು. ಒಂದೆಳೆ ವ್ಯತ್ಯಾಸವಿಲ್ಲ. ನೀವು ಪ್ರಾಣಿಗಳ ತರ ಎಂದಿರಲ್ಲ, ನಿಮ್ಮ ಮಗಳ ಪ್ರಾಣ ಇರುವುದು ಅದರಲ್ಲೇ.

ಕೃಪಾಳಿಗೂ ಹೇಳಿದ್ದೇನೆ. ಅಮ್ಮ ತೀರಿಕೊಂಡಾಗ ಅವಳಿನ್ನೂ ಚಿಕ್ಕವಳು. ಅಜ್ಜಿ ನಿಮ್ಮ ಅಕ್ಕ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹಣೆಯವರೆಗೆ ಎಳೆದಿದ್ದ ಟೋಪಿಯನ್ನು ಸರಿಸಿ ನನ್ನನ್ನೇ ನೋಡಿದಳು. ‘ಸೋ ಹೀ ಈಸ್ ಮೈ ಡ್ಯಾಡ್ ಅಂಡ್ ಮೈ ಗ್ರೇಟ್ ಅಂಕಲ್? ವೆರಿ ಎಫಿಶಿಯೆಂಟ್, ಅಮ್ಮಾ’ ಎಂದು ನಕ್ಕಳು. ನಕ್ಕದ್ದಕ್ಕೆ ಒಸಡಿನಿಂದ ರಕ್ತ ಬಂತು. ಒರೆಸಿಕೊಂಡು, ನೀವು ಯಾವತ್ತು ಬರುತ್ತೀರಿ ಎಂದು ಕೇಳಿದಳು. ಮೂರು ಸಲ ದಿನ ಗೊತ್ತು ಮಾಡಿ ಮುಂದಕ್ಕೆ ಹಾಕಿದ್ದೀರಿ ಎಂದು ಹೇಳಲಿಲ್ಲ. ಅಪ್ಪನಿಗೆ ನೆಗಡಿ ಎಂದೆ.

ಕುಸುಮಾವತಿಗೂ ಗೊತ್ತು. ಉಡುಪಿ ಕಡೆಯವಳು, ಮೊದಲು ಬೆಚ್ಚಿಬಿದ್ದಳು. ‘ಅಲ್ಲ ಮಾರಾಯ್ರೆ, ನಮ್ಮಲ್ಲಿ ಸೋದರಮಾವ ಅಂದ್ರೆ ಎದುರು ಕೂತುಕೊಳ್ಳಲಿಕ್ಕೇ ಹೆದರಿಕೆ. ನೀವು ಮದುವೆಯೇ ಆಗಿ ಬಿಟ್ರಲ್ಲ’ ಎಂದಳು. ಎರಡು ದಿನ ಈ ಕಡೆ ಸುಳಿಯಲಿಲ್ಲ. ಆಮೇಲೆ ಗಂಜಿ, ಚಟ್ನಿ ಹಿಡಿದುಕೊಂಡು ಬಂದಳು. ನೀವು ಹೆದರುವ ನಾಚಿಕೆಯ ಆಯುಸ್ಸು ಅಷ್ಟೇ, ಮಾವ. ನಾನು ಸಿಗದಿದ್ದರೆ ಫೋನ್ ಮಾಡಲೆಂದು ಆಸ್ಪತ್ರೆಯವರಿಗೆ ಕೊಟ್ಟಿರುವುದು ಅವಳ ನಂಬರು. ನಿಮ್ಮದನ್ನು ಕೊಡಲು ಮನಸ್ಸಾಗಲಿಲ್ಲ.

ಇನ್ನೊಂದು ಫೋನನ್ನೂ ಮಾಡಿದ್ದೇನೆ. ನಿಮ್ಮ ಜೊತೆ ಇರುವ ಹೆಲೆನ್‌ಗೆ. ನಿನ್ನೆ, ನೀವು ಆಫೀಸಿನಲ್ಲಿದ್ದಾಗ. ನಾನು ನಿಮ್ಮ ಅಕ್ಕನ ಮಗಳು ಎಂದು ನಿಧಾನವಾಗಿ, ಇಂಗ್ಲಿಷಿನಲ್ಲಿ, ತಪ್ಪಿಲ್ಲದೆ ಹೇಳಿದೆ. ಅವಳು ಅಸಹ್ಯಪಡಲಿ ಎಂದೇ ಹೇಳಿದೆ, ಸುಳ್ಳೇಕೆ? ಅವಳು ಕೇಳಿದ್ದು ಒಂದೇ: ಹಾಗಾದರೆ ಅವರು ಇನ್ನೂ ಇಲ್ಲೇಕೆ ಇದ್ದಾರೆ? ನಿನ್ನೆ ರಾತ್ರಿ ನಿಮ್ಮನ್ನೂ ಕೇಳಿರಬೇಕು. ಏನು ಹೇಳಿದಿರಿ? ಮೀಟಿಂಗ್ ಎಂದಿರಾ?

ಈಗ ಮುಚ್ಚಿಡಲು ಯಾರೂ ಉಳಿದಿಲ್ಲ. ಎರಡನೆಯ ಸುತ್ತಿನ ಕೀಮೋ ಕೃಪಾಳ ಮಜ್ಜೆಯನ್ನು ಗುಡಿಸಿಹಾಕಿದೆ. ರೋಗದ ಕಣಗಳೂ ಇಲ್ಲ, ಕಾಯುವ ಕಣಗಳೂ ಇಲ್ಲ. ಸಣ್ಣದೊಂದು ಸೋಂಕು ತಗುಲಿದರೂ ತಡೆಯಲಾರಳು. ಅದಕ್ಕೇ ಅವರು ಅವಸರ ಮಾಡುತ್ತಿರುವುದು. ನಿಮ್ಮ ಸೊಂಟದ ಮೂಳೆಯಿಂದ ತೆಗೆಯುತ್ತಾರೆ, ಮತ್ತು ಬರಿಸಿಯೇ ತೆಗೆಯುತ್ತಾರೆ. ಒಂದು ವಾರ ನೋವಿರುತ್ತದಂತೆ. ಇರಲಿ, ನನಗೆ ಅದರಿಂದ ಸಂತೋಷವೇ. ನಾಳೆ ಬೆಳಗಿನ ಮೊದಲ ಫ್ಲೈಟಿಗೆ ನಿಮ್ಮ ಹೆಸರಿನಲ್ಲಿ ಟಿಕೆಟ್ ಬುಕ್ ಮಾಡಿ, ಅದನ್ನೂ ಇದರ ಜೊತೆ ಇಟ್ಟಿದ್ದೇನೆ. ನನ್ನ ಮನೆಗೆ ಬರಬೇಡಿ. ಏರ್‌ಪೋರ್ಟಿನಿಂದ ನೇರವಾಗಿ ಆಸ್ಪತ್ರೆಗೆ ಹೋಗಿ. ಅಲ್ಲಿ ಮತ್ತೆ ಕೇಳುತ್ತಾರೆ, ಪೇಷೆಂಟಿನ ತಾಯಿ ನಿಮಗೆ ಏನಾಗಬೇಕು ಎಂದು. ಈ ಸಲ ನಗದೆ ಉತ್ತರ ಕೊಡಿ.

ಇಂತಿ,
ನಿಮ್ಮ ಅಕ್ಕ ಲಕ್ಷ್ಮಮ್ಮನ ಮಗಳು,
ಭಾಗೀರಥಿ

ತಾ. ಕ.: ಅಂಟಿಸಿದ್ದ ಲಕೋಟೆಯನ್ನು ಹರಿದು, ಚಪ್ಪಲಿ ಮೆಟ್ಟಿ, ನಿಂತುಕೊಂಡೇ ಬರೆಯುತ್ತಿದ್ದೇನೆ. ನಿಮಗೆ ಫೋನ್ ಮಾಡಿದೆ, ನನ್ನ ನಂಬರ್ ನೋಡಿ ಎತ್ತಲಿಲ್ಲ. ಹೆಲೆನ್ ಕೂಡ ಸಿಗಲಿಲ್ಲ. ಕೊರಗಪ್ಪನವರ ಟ್ಯಾಕ್ಸಿ ಹೊರಗೆ ನಿಂತಿದೆ. ಕಾಗದ ಇಸಿದುಕೊಳ್ಳಲು ಬಂದರೆಂದು ಬಾಗಿಲು ತೆರೆದರೆ ಕುಸುಮಾವತಿ ನಿಂತಿದ್ದಳು, ಒಳಗೆ ಬರಲಿಲ್ಲ. ‘ಭಾಗೀರಥಕ್ಕ, ನಿಮ್ಮ ಮೊಬೈಲ್ ಆಫ್ ಉಂಟಂತೆ, ಆಸ್ಪತ್ರೆಯವರು ನನಗೆ ಮಾಡಿದ್ರು. ಮಧ್ಯಾಹ್ನದಿಂದ ಜ್ವರ, ಈಗ ಬಿಪಿ ನಿಲ್ಲುವುದಿಲ್ಲವಂತೆ. ಕೂಡ್ಲೇ ಹೊರಡಿ. ಅವಳ ಅಪ್ಪನಿಗೂ ಬರ್ಲಿಕ್ಕೆ ಹೇಳಿ ಅಂದ್ರು. ಕೊಡ್ಲಿಕ್ಕೆ ಅಲ್ಲ ಅಂತೆ, ನೋಡ್ಲಿಕ್ಕೆ.’