ಸಾಹೇಬರ ಪಾತ್ರೆ

ಜೂನ್ ೧೯

ಪುಟ್ಟೀ,

ಚೆನ್ನಾಗಿದ್ದೀಯ ತಾನೇ? ನೀನು ಫೋನ್ ಮಾಡಿದಾಗಲೆಲ್ಲ "ಕೆಲಸ ಇದೆ, ಆಮೇಲೆ ಮಾತಾಡ್ತೀನಿ" ಅಂತ ನಾನೇ ತಪ್ಪಿಸಿಕೊಂಡೆ. ಬೇಜಾರು ಮಾಡ್ಕೋಬೇಡ. ಬಾಯಲ್ಲಿ ಹೇಳೋಕಾಗದ್ದನ್ನ ಬರೆದಾದರೂ ಹಾಕೋಣ ಅಂತ ಕೂತಿದ್ದೀನಿ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿರುತ್ತೆ, ತಾಳ್ಮೆಯಿಂದ ಓದು.

ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಇದ್ದದ್ದೇ. ಜೈಲು ತಪಾಸಣೆ ಕಮಿಟಿಯ ವಕೀಲರ ಜೊತೆ ನೀನೂ ವಕೀಲಳಾಗಿ ಜೈಲು ನೋಡೋಕೆ ಬಂದಿದ್ದನ್ನ ಎದುರುಮನೆಯವರಿಗೆ, ಹಾಲಿನವನಿಗೆ, ಕೊನೆಗೆ ಮೀಟರ್ ನೋಡೋಕೆ ಬಂದವನಿಗೂ ಹೇಳಿದ್ದಾಳೆ. "ನನ್ನ ಮಗಳ ವರದಿ ಓದಿ ಜೈಲು ಸರಿಮಾಡ್ತಾರೆ ನೋಡಿ" ಅಂತಾಳೆ. ನಾನು ಹೂಂ ಅಂತೀನಿ. ನೀನು ನನ್ನ ಮಗಳು ಅನ್ನೋದು ಜೈಲಿನವರ ಕಿವಿಗೆ ಮಾತ್ರ ಇನ್ನೂ ಬಿದ್ದಿಲ್ಲ. ಅಡುಗೆಯವನ ಮಗಳು ಅಂತ ಗೊತ್ತಾದರೆ ನಿನ್ನ ಮಾತಿಗೆ ಬೆಲೆ ಇರಲ್ಲ ಅಂತ ಅವತ್ತು ನಾವಿಬ್ಬರೂ ಗುರುತೇ ಇಲ್ಲದವರ ಹಾಗೆ ನಿಂತಿದ್ವಲ್ಲ.

ಇರಲಿ, ಎಷ್ಟು ಸುತ್ತಿ ಬಳಸಿದರೂ ವಿಷಯಕ್ಕೆ ಬರಲೇಬೇಕು. ಅವತ್ತು ಬೇಳೆ ರುಚಿ ನೋಡಿ ಕಣ್ಣರಳಿಸಿದೆಯಲ್ಲ, ಅದು ಕೈದಿಗಳಿಗೆ ಬಡಿಸೋ ಬೇಳೆ ಅಲ್ಲ ಕಣೇ.

ಊಟಕ್ಕೆ ಮೊದಲು ಒಂದು ತಟ್ಟೆ ಸೂಪರಿಂಟೆಂಡೆಂಟ್ ಸಾಹೇಬರ ಮೇಜಿಗೆ ಹೋಗಬೇಕು. ಅವರು ತಿಂದು ಸರಿ ಅಂದಮೇಲೇ ಮಿಕ್ಕವರಿಗೆ ಬಡಿಸೋದು. ಕೈದಿಗಳ ಒಳ್ಳೇದಕ್ಕೇ ಮಾಡಿದ ನಿಯಮ. ಆದರೆ ಉಗ್ರಾಣಕ್ಕೆ ಬರೋ ಮೊದಲೇ ಬೇಳೆ, ಎಣ್ಣೆ ಎಲ್ಲ ಅರ್ಧಕ್ಕರ್ಧ ಮಾಯ ಆಗಿರುತ್ತೆ. ಎಲ್ಲಿಗೆ ಹೋಗುತ್ತೆ ಅಂತ ಕೇಳೋ ಧೈರ್ಯ ನನಗೆ ಯಾವತ್ತೂ ಬರಲಿಲ್ಲ. ಉಳಿದದ್ದಕ್ಕೆ ನೀರು ಹೊಯ್ದು ಹೊಯ್ದು ಹಂಡೆ ತುಂಬಿಸ್ತೀನಿ. ಆ ಒಂದು ತಟ್ಟೆಗೆ ಅಂತ ಒಲೆಯ ಮೂಲೆಯಲ್ಲಿ ಪುಟ್ಟ ಪಾತ್ರೆ ಬೇರೆ. ಅದರಲ್ಲಿ ಗಟ್ಟಿ ಬೇಳೆ, ಘಮಘಮ ಒಗ್ಗರಣೆ. ಅದಕ್ಕೆ ಸಾಹೇಬರ ಪಾತ್ರೆ ಅಂತೀವಿ. ನೀನು ಕೈಚಾಚಿದಾಗ ನಾನು ಸೌಟು ಅದ್ದಿದ್ದು ಅದರಲ್ಲಿ. ಹಂಡೆಗೆ ಅದ್ದಬೇಕಿತ್ತು. ಮಗಳು ಮೊದಲ ಸಲ ನನ್ನ ಕೆಲಸದ ಜಾಗಕ್ಕೆ ಬಂದಿದ್ದಾಳೆ, ಆ ನೀರನ್ನ ಹ್ಯಾಗೆ ಕುಡಿಸಲಿ ಹೇಳು?

ಆಮೇಲೆ ನೀನು ವಾರ್ಡರ್‌ಗಳನ್ನೆಲ್ಲ ಆಚೆ ಕಳಿಸಿ ಹೊರಗಿದ್ದಾಗ ಗಡಿಯಾರ ರಿಪೇರಿ ಮಾಡ್ತಿದ್ದ ಆ ಕೈದಿಯನ್ನ ಮಾತಾಡಿಸಿದೆ. ರೊಟ್ಟಿ ಬುಟ್ಟಿ ಹಿಡ್ಕೊಂಡು ನಿಂತಿದ್ದ ನನ್ನನ್ನ ಯಾರೂ ಲೆಕ್ಕಕ್ಕೆ ಇಟ್ಕೊಳ್ಳಲಿಲ್ಲ. ಕಾಲು ಚಾಚೋಕೆ ಜಾಗ ಇಲ್ಲದೆ ಸರದಿ ಮೇಲೆ ಮಲಗ್ತೀವಿ, ಔಷಧಿ ಕೇಳಿದರೆ ಒದೆ ಬೀಳುತ್ತೆ ಅಂತೆಲ್ಲ ಹೇಳಿದ. ಕೊನೆಗೆ, "ಈ ಊಟಾನ ಅಡುಗೆಯವನು ತನ್ನ ಮಗಳಿಗೆ ಬಡಿಸ್ತಾನಾ ಕೇಳಿ ಮೇಡಂ" ಅಂದ. "ಈಗಷ್ಟೇ ತಿಂದೆನಲ್ಲ, ಚೆನ್ನಾಗೇ ಇತ್ತು" ಅಂದೆ ನೀನು. ಅವನು ನಕ್ಕುಬಿಟ್ಟ.

ಊಟದ ಮಾತೇ ಸುಳ್ಳಾದಮೇಲೆ ಉಳಿದದ್ದನ್ನ ಹ್ಯಾಗೆ ನಂಬೋದು ಅಂತ ನೀನು ಫೋನಲ್ಲಿ ಅಂದೆಯಲ್ಲ, ಅದಕ್ಕೇ ಇದನ್ನ ಬರೀತಿರೋದು. ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ ಪುಟ್ಟಿ. ಸುಳ್ಳಾಗಿದ್ದು ನಾನು ಬಡಿಸಿದ್ದು. ದೂರು ಹೇಳಿದ್ದಕ್ಕೆ ಈಗ ಅವನು ಜೈಲಿನ ಹಿಂಭಾಗದ ಒಂಟಿ ಕೋಣೆಯಲ್ಲಿದ್ದಾನೆ. ಗಂಡನನ್ನ ಒಂಟಿಯಾಗಿ ಕೂಡಿಹಾಕಿದ್ದಾರೆ ಅಂತ ಅವನ ಹೆಂಡತಿ ನಿನ್ನ ಆಫೀಸಿಗೆ ಬಂದು ಅತ್ತಳು ಅಂದೆಯಲ್ಲ, ಅದೂ ನಿಜ. ಆ ಕೋಣೆಗೆ ಕಿಟಕಿ ಇಲ್ಲ. ಅವನ ಕೇಸಿಗೆ ಇನ್ನೂ ತೀರ್ಪೇ ಆಗಿಲ್ಲ, ತಪ್ಪು ಮಾಡಿದಾನೋ ಇಲ್ಲವೋ ದೇವರಿಗೇ ಗೊತ್ತು.

ಸೋಮವಾರ ವರದಿ ಕೊಡ್ತೀನಿ ಅಂದಿದ್ದೆ ನೀನು. ದಮ್ಮಯ್ಯ ಅಂತೀನಿ, ಕೊಡೋ ಮುಂಚೆ ತಿದ್ದು. ಯಾರಿಗೂ ಹೇಳದೆ ಕಮಿಟಿಯವರನ್ನ ಕರ್ಕೊಂಡು ಬಾ, ದೊಡ್ಡ ಹಂಡೆಗೆ ಸೌಟು ಹಾಕಿಸು, ಹಿಂದಿನ ಕೋಣೆ ಬಾಗಿಲು ತೆಗೆಸು. ಅಡುಗೆಯವನೇ ಹೇಳಿದ, ಅವನು ನನ್ನಪ್ಪ ಅಂತಲೂ ಬರಿ. ಕೆಲಸ ಹೋದರೆ ಹೋಗಲಿ. ಅಮ್ಮನ ಹತ್ತಿರ ಬೈಸಿಕೊಳ್ಳೋದು ನನಗೇನು ಹೊಸದಾ?

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಮಾತಿಗೆ ನಾಲ್ಕು ಜನ ಕಿವಿಗೊಡೋ ಹಾಗಾಗಲಿ, ಹೋದ ಕಡೆಯೆಲ್ಲ ಗೆದ್ದು ಬಾ ತಾಯಿ.

ನಿನ್ನ
ಅಪ್ಪ

ಇನ್ನೊಂದು ಮಾತು: ಮರೆತಿದ್ದಲ್ಲ, ಮೇಲೆ ಬರೆಯೋಕೆ ಕೈ ಬರಲಿಲ್ಲ. ಅವನು ದೂರು ಹೇಳಿದ್ದನ್ನ ಸಾಹೇಬರಿಗೆ ಮುಟ್ಟಿಸಿದ್ದು ಯಾರು ಅಂತ ನೀನು ಕೇಳಿದ್ದೆ. ಗೊತ್ತಿಲ್ಲ ಅಂದಿದ್ದೆ ನಾನು. ನಾನೇ ಪುಟ್ಟಿ. ಮಗಳ ಎದುರಿಗೇ ನನ್ನ ಅಡುಗೆ ಆಡಿಕೊಂಡನಲ್ಲ ಅಂತ ಮೈ ಉರಿದುಹೋಗಿತ್ತು. ಸಾಹೇಬರಿಗೆ ತಟ್ಟೆ ಇಡುವಾಗ ಎಲ್ಲ ಹೇಳಿಬಿಟ್ಟೆ. ಗದರಿಸಿ ಬಿಡ್ತಾರೆ ಅಂದ್ಕೊಂಡಿದ್ದೆ ಅಂತ ಬರೆಯೋಣ ಅನ್ನಿಸ್ತು, ಆದರೆ ಆ ಜೈಲಲ್ಲೇ ಇರೋನು ನಾನು, ಏನು ಮಾಡ್ತಾರೆ ಅಂತ ನನಗೆ ಗೊತ್ತಿಲ್ಲವಾ? ನಿನ್ನೆ ನಾನೇ ಅವನಿಗೆ ಊಟ ತಗೊಂಡು ಹೋದೆ. ಏಟು ಬಿದ್ದು ಒಂದು ಕಿವಿ ಪೂರ್ತಿ ಕೇಳಿಸದ ಹಾಗಾಗಿದೆ. "ಇದನ್ನೆಲ್ಲ ಆ ವಕೀಲಮ್ಮನೇ ಹೇಳಿಕೊಟ್ಟರು ಅಂತ ಒಪ್ಪಿಕೋ, ಬಿಟ್ಟುಬಿಡ್ತೀವಿ ಅಂತ ಹೊಡೆದರು ಅಣ್ಣ. ನಾನು ಒಪ್ಪಲಿಲ್ಲ. ಪಾಪ, ಯಾರು ಹೆತ್ತ ಮಗಳೋ, ನಮ್ಮಿಂದ ಯಾಕೆ ಅವಳಿಗೆ ಕೆಟ್ಟ ಹೆಸರು" ಅಂದ. ನನ್ನ ಮಗಳು ಅಂತ ಹೇಳೋಕೆ ಬಾಯೇ ಬರಲಿಲ್ಲ.