ಬಲಗೈ ಹುರಿ ನಿನ್ನ ಹತ್ತಿರವಿದೆ

ಮಾರ್ಚ್ ೯, ಭಾನುವಾರ ಬೆಳಿಗ್ಗೆ

ತಮ್ಮ ಗುಂಡುವಿಗೆ ಅಕ್ಕನ ಅಕ್ಕರೆ.

ಹೇಗಿದ್ದೀಯ? ಕ್ರೇನಿನ ಏಣಿ ಹತ್ತಿ ಇಳಿದು ನಿನಗೆ ಮಂಡಿನೋವಂತೆ. ನರ್ಸಮ್ಮನ ಬೆನ್ನು ಹೇಗಿದೆ? ಊರವರ ಬೆನ್ನಿಗೆಲ್ಲ ಮದ್ದು ಹಚ್ಚುವ ನಿನ್ನ ಹೆಂಡತಿ ತನ್ನದನ್ನು ಮಾತ್ರ ಮರೆಯುತ್ತಾಳೆ. ನಿಮ್ಮ ಮಗು ಚಿನಕುರುಳಿಗೆ ಬಿದ್ದ ಹಲ್ಲಿನ ಜಾಗದಲ್ಲಿ ಹೊಸದು ಬಂತೇ? ನಿನ್ನ ಮಾವ, ಸ್ಟೇಷನ್ ಮಾಸ್ಟರಿಗೆ ಕಿವಿ ಮಂದವಾಗಿದೆಯಂತೆ. ಒಂಬತ್ತು ವರ್ಷ ಮೊದಲೇ ಆಗಿದ್ದರೆ ನಮ್ಮಿಬ್ಬರಿಗೂ ಒಳ್ಳೆಯದಿತ್ತು.

ಇದೆಲ್ಲ ಹೇಗೆ ಗೊತ್ತೆಂದು ಕೇಳಬೇಡ. ನರ್ಸಮ್ಮ ಆಗಾಗ ಫೋನ್ ಮಾಡುತ್ತಾಳೆ, ಅವಳನ್ನು ಗದರಬೇಡ. ನನ್ನ ದನಿ ಕೇಳಿದರೆ ನೀನು ಫೋನ್ ಇಟ್ಟುಬಿಡುತ್ತೀಯ. ಕಾಗದವನ್ನು ಇಟ್ಟರೂ ಮತ್ತೆ ಎತ್ತಿಕೊಳ್ಳುತ್ತೀಯ ಎಂದು ಬರೆಯುತ್ತಿದ್ದೇನೆ.

ಬರುವ ತಿಂಗಳ ಮೊದಲ ಭಾನುವಾರ, ಹಳೆಯ ವಿಮಾನ ಮೈದಾನದಲ್ಲಿ, ನಮ್ಮ ಐದೂ ಗಾಳಿಪಟಗಳನ್ನು ಒಂದರ ಬೆನ್ನಿಗೊಂದು ಕಟ್ಟಿ ಹಾರಿಸುವುದೆಂದು ತೀರ್ಮಾನಿಸಿದ್ದೇನೆ. ಮರುದಿನದಿಂದ ಅಲ್ಲಿ ಬೇಲಿ, ಗೋದಾಮು ಬರುತ್ತದಂತೆ. ತಂತಿ, ಕಂಬ ಇಲ್ಲದ ಜಾಗ ಈ ಊರಿನಲ್ಲಿ ಅದೊಂದೇ. ಐದೂ ಸೇರಿ ಆಕಾಶದಲ್ಲಿ ಒಂದು ಪೂರ್ತಿ ಸುತ್ತು ಹಾಕಿದ್ದನ್ನು ನಾವಿನ್ನೂ ನೋಡಿಲ್ಲ. ನೋಡದೆ ಬೇಲಿಯ ಈಚೆ ನಿಲ್ಲುವವಳಲ್ಲ ನಾನು.

ಆದರೆ ದೊಡ್ಡವೆರಡು ನನ್ನ ಹತ್ತಿರ, ಚಿಕ್ಕವು ಮೂರು ನಿನ್ನ ಹತ್ತಿರ. ಎರಡು ಕೈಗೆ ಎರಡು ಹುರಿ ಹಿಡಿದು ತಿರುಗಿಸಬೇಕಾದ ಪಟಕ್ಕೆ ಎಡಗೈ ಹುರಿ ನನ್ನಲ್ಲಿ, ಬಲಗೈ ಹುರಿ ನಿನ್ನಲ್ಲಿ. ಆಸ್ತಿಗೆ ಕಿತ್ತಾಡಿದವರೂ ಇಷ್ಟು ಹುಚ್ಚುಹುಚ್ಚಾಗಿ ಹಂಚಿಕೊಂಡಿರಲಾರರು.

ನಾನು ಸುಮ್ಮನೆ ಕೂತಿರಲಿಲ್ಲ. ಬಲಗೈಗೆ ಹೊಸ ಹುರಿ ತಂದು ದೊಡ್ಡವೆರಡನ್ನೇ ಹಾರಿಸಿದೆ. ಏರುವಾಗ ಚೆನ್ನಾಗಿಯೇ ಏರುತ್ತವೆ. ಆಮೇಲೆ ಎಡಕ್ಕೇ ವಾಲಿ ನೆಲಕ್ಕೆ ಗುದ್ದುತ್ತವೆ. ಮೂರನೆಯ ಸಲ ನನ್ನನ್ನೂ ಹದಿನೈದು ಹೆಜ್ಜೆ ಎಳೆದುಕೊಂಡು ಹೋದವು. ಮೈದಾನದ ಕಾವಲುಗಾರ ಓಡಿ ಬಂದು, “ಅಜ್ಜಿ, ನೀವು ಪಟ ಹಾರಿಸ್ತಿದ್ದೀರೋ, ಪಟ ನಿಮ್ಮನ್ನ ಹಾರಿಸ್ತಿದೆಯೋ?” ಅಂದ. “ಮೊಣಕೈ ಒರೆಸ್ಕೊಂಡು ಬರ್ತೀನಿ, ಆಮೇಲೆ ನೋಡುವಂತೆ” ಅಂದೆ.

ಮೊದಲು ಭುಜವನ್ನು ಬೈದೆ, ಆಮೇಲೆ ಗಾಳಿಯನ್ನು, ಆಮೇಲೆ ನನ್ನ ಹೊಲಿಗೆಯನ್ನು. ಕೊನೆಗೆ ಎರಡೂ ಹುರಿಗಳನ್ನು ನೆಲದ ಮೇಲೆ ಚಾಚಿ ಅಳೆದರೆ ಹೊಸದು ಒಂದು ಗೇಣು ಉದ್ದವಾಗಿತ್ತು! ಹೊಸ ಹುರಿ ಎಳೆತಕ್ಕೆ ಹಿಗ್ಗುತ್ತದೆ. ನನ್ನ ಹಳೆಯದು ಹಿಗ್ಗುವಷ್ಟು ಹಿಗ್ಗಿ ಮುಗಿಸಿದೆ. ಗಿಡ್ಡವಾದ ಕಡೆಗೇ ಪಟ ವಾಲುತ್ತದೆ. ನಾನು ಹೊಲಿಯುವ ಟಾರ್ಪಾಲು ಅಂಗಡಿಯ ಸಾಹುಕಾರ, “ಹಳೇದನ್ನ ಬಿಸಾಕಿ ಎರಡೂ ಹೊಸದು ಕಟ್ಟಮ್ಮ” ಎಂದ. ನಾನು ಒಪ್ಪಲಿಲ್ಲ. ಒಂದೇ ಉಂಡೆಯಿಂದ ಕತ್ತರಿಸಿ, ಒಟ್ಟಿಗೇ ಹಿಗ್ಗಿದ ಜೊತೆ ಬದುಕಿರುವಾಗ ಯಾಕೆ ಬಿಸಾಕಲಿ?

ನಿನ್ನ ಮೂರು ಪಟಗಳೂ ಮಂಚದ ಕೆಳಗಿವೆಯೆಂದು ಗೊತ್ತು. ಪ್ರತಿ ಮಳೆಗಾಲ ಕಳೆದ ಮೇಲೆ ತೆಗೆದು, ಒಣಗಿಸಿ, ಮತ್ತೆ ಮಡಚಿಡುತ್ತೀಯಂತೆ.

ಈ ಸಲ ಹಿಡಿಗಳು ನಿನ್ನ ಕೈಯಲ್ಲಿರಲಿ. ಚಿಕ್ಕವು ಪಟ್ಟನೆ ತಿರುಗುತ್ತವೆ, ದೊಡ್ಡದು ಬಸುರಿಯ ಹಾಗೆ ನಿಧಾನ. ಕೈ ದೊಡ್ಡದರ ನಡಿಗೆಗೆ ಹೊಂದಬೇಕು. ನಾನು ಅವಸರದವಳು, ನೀನು ಲಾರಿಯಷ್ಟು ದೊಡ್ಡ ಪೆಟ್ಟಿಗೆಯನ್ನು ತಟ್ಟೆಯ ಹಾಗೆ ಇಳಿಸುವವನು. ಎಲ್ಲಕ್ಕಿಂತ ಮುಂದಿನ ಪಟಕ್ಕೆ ಐದರ ಎಳೆತವೂ ಬೀಳುತ್ತದಲ್ಲ, ಅದರ ಸೂತ್ರ ಕಟ್ಟುವ ಜಾಗಕ್ಕೆ ಟಾರ್ಪಾಲಿನ ಪಟ್ಟಿ ಕೊಟ್ಟು ಎರಡು ಸಲ ಹೊಲಿದಿದ್ದೇನೆ.

ಒಂಬತ್ತು ವರ್ಷದ ಹಿಂದಿನ ಆ ದಿನದ್ದನ್ನು ಬಿಡು. ನಿನ್ನ ಹೊಸ ಹೆಂಡತಿ, ಮಾವ, ಎಲ್ಲರೂ ಕತ್ತೆತ್ತಿ ನೋಡುತ್ತಿರುವಾಗ ಮುಂದಿನ ಪಟದ ಗಂಟು ಜಾರಿತು, ಐದೂ ಮಗುಚಿ ಬಿದ್ದವು. “ಒಂದು ಗಂಟು ಹಾಕೋಕೂ ಬರಲ್ವೇನೋ ನಿಂಗೆ?” ಎಂದು ಎಲ್ಲರೆದುರು ಅಂದೆ. ನಿನ್ನ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀನು ನಿನ್ನ ಪಾಲು ಸುತ್ತಿಕೊಂಡು ಹೊರಟೆ. ಹೋಗಲಿ, ಗಂಟು ಯಾರ ಕೈಯಲ್ಲಾದರೂ ಜಾರುತ್ತದೆ. ನಾನು ಅದನ್ನು ಎಂದೋ ಮರೆತಿದ್ದೇನೆ. ನೀನೂ ಮರೆ.

ನಿನ್ನ,
ಎಡಚಿ ಅಕ್ಕ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದೆ, ಅದಕ್ಕೇ ಅಂಚು ಹರಿದಿದೆ. ಮರೆತಿದ್ದೇನೆ ಎಂದು ಬರೆದದ್ದು ಸುಳ್ಳು. ಆ ಬೆಳಿಗ್ಗೆ ಗಂಟುಗಳನ್ನು ಇಬ್ಬರೂ ಸೇರಿ ಹಾಕಿದ್ದೆವು. ಬಿದ್ದ ಪಟವನ್ನು ಮೊದಲು ಎತ್ತಿಕೊಂಡವಳು ನಾನು. ಜಾರಿ ಅರ್ಧ ಉಳಿದಿದ್ದ ಗಂಟು ಎಡಕ್ಕೆ ಸುತ್ತಿತ್ತು. ನಮ್ಮಿಬ್ಬರಲ್ಲಿ ಎಡಕ್ಕೆ ಸುತ್ತುವವಳು ನಾನೊಬ್ಬಳೇ. ಅದನ್ನು ನೋಡಿ, ಮುಷ್ಟಿಯಲ್ಲಿ ಮುಚ್ಚಿಕೊಂಡ ಮೇಲೆಯೇ ನಿನ್ನನ್ನು ಬೈದೆ. ಕುಂಬಳಕಾಯಿ ಕಳ್ಳಿ ಹೆಗಲು ಮುಟ್ಟಿ ನೋಡಿಕೊಂಡದ್ದು ಯಾರಿಗೂ ಕಾಣಿಸಲಿಲ್ಲ. ಆ ಗಂಟನ್ನು ಬಿಚ್ಚದೆ ಕತ್ತರಿಸಿ ಇಟ್ಟಿದ್ದೆ, ಈ ಲಕೋಟೆಯಲ್ಲಿದೆ. ನರ್ಸಮ್ಮನಿಗೆ ತೋರಿಸು. ಮಾವನಿಗೂ ತೋರಿಸು, ಕಿವಿಯ ಹತ್ತಿರ ಬಾಯಿಟ್ಟು ಗಟ್ಟಿಯಾಗಿ ಹೇಳು. ಈ ಸಲ ಎಲ್ಲ ಗಂಟೂ ನೀನೇ ಹಾಕು. ಬಲಗೈ ಹುರಿಯನ್ನು ಅಂಚೆಯಲ್ಲಿ ಕಳಿಸಬೇಡ, ನೀನೇ ತಾ. ಬೇಲಿಯವರು ಕಂಬಕ್ಕೆ ಗುಳಿ ತೋಡಲು ಶುರು ಮಾಡಿದ್ದಾರೆ. ಬೈದಾದರೂ ಸರಿ, ಬೇಗ ಒಂದು ಸಾಲು ಬರೆ.